ಮೂರು ಹಲ್ಲು

ಗೋಡೆಯ ಮೊಳೆಗಳಿಗೆ ಕಟ್ಟುಕಟ್ಟಾಗಿ ನೇತುಹಾಕಿದ್ದ ಗರಗಸದ ಬ್ಲೇಡುಗಳ ಕಡೆಗೆ ಅವಳ ಬಲಗೈ ತಾನಾಗಿಯೇ ಹೋಯಿತು. ಅರ್ಧ ದಾರಿಯಲ್ಲಿ ನೆನಪಾಗಿ, ಮುಖದ ಮೇಲಿನ ನೊಣ ಓಡಿಸುವವಳಂತೆ ಬೀಸಿ, ಕೈಯನ್ನು ಮತ್ತೆ ಚೀಲದ ಹಿಡಿಗೆ ತಂದಳು. ಕಾರ್ಖಾನೆಗೆ ಸಾಮಾನು ಕೊಳ್ಳಲು ಹದಿನಾಲ್ಕು ವರ್ಷ ಈ ಅಂಗಡಿಗೆ ಬಂದು ಹೋದ ಕೈ. ಬ್ಲೇಡಿನ ಅಂಚಿಗೆ ಹೆಬ್ಬೆರಳು ಒತ್ತಿದರೆ ಸಾಕು, ಕಣ್ಣು ಹಾಯಿಸದೆಯೇ ಇಂಚಿಗೆ ಹದಿನೆಂಟು ಹಲ್ಲೋ, ಇಪ್ಪತ್ತನಾಲ್ಕೋ, ಮೂವತ್ತೆರಡೋ ಹೇಳಿಬಿಡುತ್ತಿದ್ದಳು. ಅಂಗಡಿಯ ಯಜಮಾನರು ಹೊಸ ಗಿರಾಕಿಗಳೆದುರು ಅವಳ ಕಣ್ಣು ಮುಚ್ಚಿಸಿ, ಒಂದೊಂದೇ ಬ್ಲೇಡು ಕೊಟ್ಟು, ಅವಳು ಹೇಳಿದ್ದು ಸರಿಯಾದಾಗಲೆಲ್ಲ ತಮ್ಮ ಮಗಳೇ ಗೆದ್ದಳೇನೋ ಎಂಬಂತೆ ನಗುತ್ತಿದ್ದರು. ಇವತ್ತೂ ಅವರು ಅಭ್ಯಾಸದ ಪ್ರಕಾರ ಅವಳನ್ನೇ ನೋಡಿ, "ಬನ್ನಿ ಸ್ಟೋರಮ್ಮ, ಏನೇನು ತೆಗೀಲಿ?" ಎಂದರು. ಅವಳಿಗಿಂತ ಒಂದು ಗೇಣು ಮುಂದೆ ನಿಂತಿದ್ದ ಗಂಡ ಜೇಬಿನಿಂದ ಚೀಟಿ ತೆಗೆಯುತ್ತ, "ಇನ್ಮೇಲೆ ಆರಿಸೋದು ನಾನು, ಯಜಮಾನ್ರೇ. ಇವಳು ಚೀಲ ಹಿಡ್ಕೊಳ್ಳೋಕೆ ಬಂದಿದಾಳೆ" ಎಂದು ನಕ್ಕ. ಯಜಮಾನರು ನಗಲಿಲ್ಲ. ಅವರ ನೋಟ ಅವಳ ಮುಖದಿಂದ ಜಾರಿ ಚೀಲದ ಮೇಲೆ, ಅಲ್ಲಿಂದ ಅವಳ ಕಾಲಿನ ಮೇಲೆ ಬಿತ್ತು. ಇಲ್ಲಿಗೂ ಸುದ್ದಿ ಬಂದಿದೆ ಎಂದು ಅವಳಿಗೆ ಗೊತ್ತಾಯಿತು.

ಕಾಲಿನಲ್ಲಿದ್ದ ಚಪ್ಪಲಿಯ ಪಟ್ಟಿ ಹೋದ ವಾರ ಕಿತ್ತಿತ್ತು. ಅವಳು ಕೇಳದೆಯೇ ಅವನು ಅದನ್ನು ಹೊಲಿಸಿಕೊಂಡು ಬಂದಿದ್ದ. ಕಾರ್ಖಾನೆಯಲ್ಲಿ ವಿಚಾರಣೆಯಾದ ಮೇಲೆ ಅವನು ಹೀಗಾಗಿದ್ದ. ಬೆಳಗ್ಗೆ ಅವಳಿಗಿಂತ ಮೊದಲೇ ಎದ್ದು ನೀರು ತುಂಬಿಡುತ್ತಿದ್ದ, ಕಸ ಗುಡಿಸುತ್ತಿದ್ದ, ಊಟಕ್ಕೆ ಕೂತಾಗ "ಇನ್ನೊಂದು ಸ್ವಲ್ಪ ಹಾಕ್ಕೋ" ಎನ್ನುತ್ತಿದ್ದ. ಹೊಲಿಗೆ ಹಾಕಿದ ಚಪ್ಪಲಿ ಮೆಟ್ಟಿ ನಡೆಯುವಾಗಲೆಲ್ಲ ಪಟ್ಟಿಯ ಒಳಗಿನ ದಾರದ ಗಂಟು ಅವಳ ಬೆರಳಿಗೆ ಒತ್ತುತ್ತಿತ್ತು. ಒತ್ತುತ್ತದೆ ಎಂದು ಹೇಳಿದ್ದರೆ ಅವನು ಮತ್ತೆ ತೆಗೆದುಕೊಂಡು ಹೋಗಿ ಸರಿಮಾಡಿಸುತ್ತಿದ್ದ. ಆ ಉಪಚಾರ ಬೇಡವೆನಿಸಿ ಅವಳು ಹೇಳಿರಲಿಲ್ಲ. ಹೇಳದೆ ಇರುವುದು ಅವಳಿಗೆ ಯಾವಾಗಿನಿಂದ ಇಷ್ಟು ಸಲೀಸಾಯಿತು ಎಂದು ಯೋಚಿಸಿದರೆ ಯೋಚನೆ ನೇರವಾಗಿ ಆ ಶುಕ್ರವಾರದ ಬೆಳಗ್ಗೆಗೇ ಹೋಗಿ ನಿಲ್ಲುತ್ತಿತ್ತು. ಕಾರ್ಖಾನೆಯ ಸ್ಟೋರಿನಲ್ಲಿ ಅವಳು ನಿಂತು ಉಪಕರಣ ಕೊಡುವ ಕಟಕಟೆ, ಅದರಾಚೆ ಸಾಲಾಗಿ ನಿಂತ ನಾಲ್ಕೈದು ಜನ, ಎಲ್ಲರಿಗಿಂತ ಮುಂದೆ ಇವನು. ದೊಡ್ಡ ಲಾಂಡ್ರಿಯೊಂದಕ್ಕೆ ಕಳಿಸುವ ಬಿಸಿನೀರಿನ ಕೊಳವೆಗಳನ್ನು ಕಾರ್ಖಾನೆಯಲ್ಲೇ ಜೋಡಿಸಿ ಪರೀಕ್ಷಿಸುವ ಕೆಲಸ ಅವತ್ತು ಮುಗಿಯಬೇಕಿತ್ತು. ಒತ್ತಡ ತೋರಿಸುವ ಮೀಟರಿಗೆ ಹೋಗುವ ತೆಳು ತಾಮ್ರದ ಕೊಳವೆಯಷ್ಟೇ ಬಾಕಿ. ಅವಳು ಹೊಸ ಚಕ್ರ ಹಾಕಿದ್ದ, ಕೊಳವೆಯ ಸುತ್ತ ತಿರುಗಿಸಿ ಕೊಯ್ಯುವ ಟ್ಯೂಬ್ ಕಟರನ್ನು ಕಟಕಟೆಯ ಮೇಲಿಟ್ಟಳು. ಅವನು ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ, "ಇದನ್ನ ತಿರುಗಿಸ್ತಾ ಕೂತ್ರೆ ಸಂಜೆ ಆಗುತ್ತೆ" ಎಂದು ಕಟಕಟೆಯ ಮೇಲಿಂದ ಬಗ್ಗಿ, ದಪ್ಪ ಪೈಪಿಗೆಂದು ಹದಿನೆಂಟು ಹಲ್ಲಿನ ಬ್ಲೇಡು ಬಿಗಿದಿಟ್ಟಿದ್ದ ಹ್ಯಾಕ್ಸಾ ಗರಗಸವನ್ನು ತಾನೇ ಎತ್ತಿಕೊಂಡ. ಬೇರೆ ಯಾರಿಗೂ ಇಲ್ಲದ ಸಲಿಗೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಸಾಲಿನ ಕಡೆ ತಿರುಗಿ, "ಮನೇಲೂ ಇವಳದೇ ದರ್ಬಾರು, ಇಲ್ಲೂ ಇವಳದೇನಾ?" ಎಂದ. ಎಲ್ಲರೂ ನಕ್ಕರು. ಕೆಲಸ ಮಾಡುವಾಗಲೆಲ್ಲ ಶಿಳ್ಳೆ ಹಾಕುತ್ತಿದ್ದುದಕ್ಕೆ ಸೀಟಿ ಎಂದೇ ಕರೆಸಿಕೊಂಡಿದ್ದ ವೆಲ್ಡರು ಎಲ್ಲರಿಗಿಂತ ಜೋರಾಗಿ ನಕ್ಕ. ಅವಳ ಕಿವಿ ಬಿಸಿಯಾಯಿತು. ತೆರೆದ ಬಾಯಿ ಹಾಗೇ ಮುಚ್ಚಿತು. ಕಟರು ಸಂಜೆಯವರೆಗೂ ಕಟಕಟೆಯ ಮೇಲೆ ಇದ್ದ ಕಡೆಯೇ ಇತ್ತು.

ಕೊಯ್ಯುವಾಗ ಕೊಳವೆಯ ಗೋಡೆಯ ದಪ್ಪದ ಮೇಲೆ ಯಾವ ಹೊತ್ತಿಗೂ ಕನಿಷ್ಠ ಮೂರು ಹಲ್ಲು ಕೂತಿರಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಅವಳು ಹೇಳಿಕೊಡುತ್ತಿದ್ದ ಮೊದಲ ಮಾತು ಇದು. ದಪ್ಪ ಕಬ್ಬಿಣಕ್ಕೆ ಒರಟು ಹಲ್ಲು, ತೆಳು ಕೊಳವೆಗೆ ನುಣುಪು ಹಲ್ಲು. ತೆಳು ಗೋಡೆ ಎರಡು ಹಲ್ಲುಗಳ ನಡುವಿನ ಸಂದಿಗೆ ಬಿತ್ತೋ, ಬ್ಲೇಡು ಕೊಯ್ಯುವುದನ್ನು ಬಿಟ್ಟು ಕಚ್ಚಿ ಎಳೆಯುತ್ತದೆ, ಕೊಳವೆ ಅಮುಕಿ ಮೊಟ್ಟೆಯ ಆಕಾರಕ್ಕೆ ಬರುತ್ತದೆ, ಜೋಡಣೆ ಕೂತಂತೆ ಕಾಣಿಸುತ್ತದೆ, ಕೂತಿರುವುದಿಲ್ಲ. ಅವತ್ತು ಮಧ್ಯಾಹ್ನ ಬಿಸಿನೀರು ತುಂಬಿ ಒತ್ತಡ ಏರಿಸಿದಾಗ ಸೀಟಿ ಮೀಟರಿನ ಮುಳ್ಳು ಓದಲು ಬಗ್ಗಿದ್ದ. ಕೊಳವೆಯ ತುದಿ ಜೋಡಣೆಯಿಂದ ಕಿತ್ತುಬಂದು ಅವನ ಎಡಗಣ್ಣಿಗೆ ಹೊಡೆಯಿತು, ಹಿಂದೆಯೇ ನೀರು. ಸ್ಟೋರಿನಲ್ಲಿದ್ದ ಅವಳಿಗೆ ಕೂಗು ಕೇಳಿಸಿದ್ದು ಆಮೇಲೆ. ಅದಕ್ಕೂ ಮೊದಲು ಶಿಳ್ಳೆ ನಿಂತದ್ದು ಕೇಳಿಸಿತ್ತು.

ಐದು ದಿನದ ಮೇಲೆ ವಿಚಾರಣೆ. ಆ ಬೆಳಗ್ಗೆ ಅವನು ಮುಖ ತೊಳೆದು, ಟವೆಲಿನೊಳಗಿಂದಲೇ, "ಏನು ಕೇಳಿದ್ರೂ ಗಾಬರಿಯಾಗ್ಬೇಡ. ಇಬ್ರೂ ಸೇರಿ ಹೇಳೋಣ" ಎಂದಿದ್ದ. ಹೇಳೋಣ. ಬಸ್ಸಿನಲ್ಲಿ ನಿಂತು ಬರುವಾಗ ಅವಳು ಆ ಮಾತನ್ನು ಬಾಯೊಳಗೆ ಇಟ್ಟುಕೊಂಡೇ ಬಂದಿದ್ದಳು. ತಪ್ಪು ಅರ್ಧ ಅವನದು, ಅರ್ಧ ತನ್ನದು. ಇಬ್ಬರೂ ಒಪ್ಪಿಕೊಂಡರೆ ಭಾರ ಕಡಿಮೆಯಾಗುತ್ತದೆ. ಮ್ಯಾನೇಜರ ಮೇಜಿನೆದುರು ಅವನನ್ನು ಮೊದಲು ಕೇಳಿದರು. ಅವನು ನಿಂತ ಜಾಗದಲ್ಲೇ ಒಮ್ಮೆ ಕಾಲು ಬದಲಿಸಿ, "ಸ್ಟೋರಿಂದ ಏನು ಕೊಡ್ತಾರೋ ಅದ್ರಲ್ಲೇ ಕತ್ತರಿಸ್ತೀವಿ ಸಾರ್. ಬ್ಲೇಡ್ ಆರಿಸೋದು ನಮ್ಮ ಕೈಲಿಲ್ಲ" ಎಂದ. ಸ್ಟೋರು ಎಂದ. ಹೆಂಡತಿ ಎನ್ನಲಿಲ್ಲ, ಇವಳು ಎನ್ನಲಿಲ್ಲ. ತಗಡಿನ ಮಾಡು, ಕಬ್ಬಿಣದ ಜಾಲರಿ, ಒಳಗೆ ಯಾರೂ ಇಲ್ಲದ ಒಂದು ಕೋಣೆಯ ಬಗ್ಗೆ ಹೇಳಿದ ಹಾಗೆ. ಅವಳು ಅವನ ಕಿವಿಯನ್ನೇ ನೋಡುತ್ತಿದ್ದಳು. ಕಿವಿಯ ಹಿಂದೆ ಕ್ಷೌರದ ಸಾಬೂನು ಒಣಗಿ ಬಿಳಿ ಗೀರಾಗಿ ಉಳಿದಿತ್ತು. ದಿನವೂ ಬಾಗಿಲಲ್ಲಿ ನಿಲ್ಲಿಸಿ ಅವಳು ಒರೆಸಿ ಕಳಿಸುತ್ತಿದ್ದ ಜಾಗ. "ನೀವೇನು ಹೇಳ್ತೀರಮ್ಮ?" ಎಂದು ಮ್ಯಾನೇಜರು ಕೇಳಿದಾಗ ಅವಳ ಬಾಯಿಂದ ಬಂದದ್ದು, "ನಾನು ನೋಡ್ಬೇಕಿತ್ತು ಸಾರ್." ಅಷ್ಟೇ. ಅವರು ಪೆನ್ನಿನ ಮುಚ್ಚಳ ಹಾಕಿ, "ಒಪ್ಕೊಂಡ್ರಲ್ಲ, ಅದು ದೊಡ್ಡ ಗುಣ" ಎಂದರು. ಅವಳಿಗೆ ಎಚ್ಚರಿಕೆಯ ಪತ್ರ, ಉಪಕರಣ ಆರಿಸುವ ಜವಾಬ್ದಾರಿ ಅನುಭವಸ್ಥ ಫಿಟ್ಟರಿಗೆ, ಅಂದರೆ ಗಂಡನಿಗೆ. ಹೊರಗೆ ಬಂದ ಮೇಲೆ ಅವನು ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೆದರಿದ್ದಾನೆ, ಮೇಜಿನೆದುರು ನಿಂತಾಗ ಬಾಯಿ ತಪ್ಪಿ ಬಂದಿದೆ ಎಂದು ಅವಳೇ ಅವನ ಪರವಾಗಿ ತನಗೆ ಸಮಜಾಯಿಷಿ ಕೊಟ್ಟುಕೊಂಡಳು. ಹೆದರಿದವನ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುವುದು.

"ಯಾವ ಪೈಪಿಗೆ ಬ್ಲೇಡು?" ಅಂಗಡಿಯ ಯಜಮಾನರು ಗಂಡನನ್ನು ಕೇಳುತ್ತಿದ್ದರು.

"ಎಲ್ಲಾ ಪೈಪಿಗೂ."

"ಹಾಗಂದ್ರೆ ಹೇಗಪ್ಪ? ಗೋಡೆ ಎಷ್ಟು ದಪ್ಪ?"

ಗಂಡ ಚೀಟಿಯನ್ನು ತಿರುಗಿಸಿ ಹಿಂಬದಿ ನೋಡಿದ. ಹಿಂಬದಿ ಖಾಲಿ. "ದಪ್ಪದ್ದೂ ಇದೆ, ತೆಳುದೂ ಇದೆ. ಹೆಚ್ಚೂ ಬೇಡ, ಕಮ್ಮೀನೂ ಬೇಡ, ನಡುವಿನದು ಕೊಡಿ. ಇಪ್ಪತ್ತನಾಲ್ಕು" ಎಂದ. ಯಜಮಾನರು ಅವಳ ಕಡೆ ನೋಡಿದರು. ಅವಳು ಹೊರಗೆ ರಸ್ತೆಯಲ್ಲಿ ಒಬ್ಬ ಸೈಕಲ್ಲಿನ ಚೈನು ಹಾಕಿಕೊಳ್ಳುವುದನ್ನು ನೋಡಿದಳು. ಮೇಜಿನ ಮೇಲೆ ಎರಡು ಕಟರು ಬಂದವು. ಒಂದು ಬೂದುಬಣ್ಣದ್ದು, ಭಾರದ್ದು, ಉರುಳೆಗಳು ಒಂದಿಷ್ಟೂ ಅಲುಗಾಡದ್ದು. ಇನ್ನೊಂದು ಕೆಂಪು ಬಣ್ಣ ಹೊಡೆದ ಹಗುರದ್ದು. ಅವನು ಕೆಂಪನ್ನು ಎತ್ತಿ ಅಂಗೈಯಲ್ಲಿ ತೂಗಿ, "ಇದು ಚೆನ್ನಾಗಿದೆ" ಎಂದ. ಅದರ ಚಕ್ರ ಅಕ್ಷದ ಮೇಲೆ ಕೂದಲೆಳೆಯಷ್ಟು ಓಲಾಡುತ್ತಿದ್ದುದು ಅವಳಿಗೆ ನಾಲ್ಕು ಅಡಿ ದೂರದಿಂದಲೇ ಕಂಡಿತು. ಅದನ್ನು ಸುತ್ತಿದರೆ ಎರಡನೇ ಸುತ್ತು ಮೊದಲ ಗೀರಿನ ಮೇಲೆ ಬೀಳುವುದಿಲ್ಲ, ಪಕ್ಕಕ್ಕೆ ಸರಿಯುತ್ತ ಕೊಳವೆಯ ಮೈಮೇಲೆ ಸ್ಕ್ರೂವಿನ ಸುರುಳಿಯಂತೆ ಗೆರೆ ಎಳೆದುಕೊಂಡು ಹೋಗುತ್ತದೆ. ಅವನ ಮೊಣಕೈ ಅವಳ ತೋಳಿಗೆ ಮೆಲ್ಲಗೆ ತಾಗಿತು. "ಸುಮ್ನೆ ನಿಂತಿದೀಯಲ್ಲ" ಎಂದು ತುಟಿ ಅಲುಗಿಸದೆ ಅಂದ. ಮೊಣಕೈಯಲ್ಲಿ ಬೇಡಿಕೆ ಇತ್ತು. ಇಷ್ಟು ದಿನದಲ್ಲಿ ಅವನು ಅವಳನ್ನು ಏನಾದರೂ ಕೇಳಿದ್ದು ಇದೇ ಮೊದಲು.

"ನೀವೇ ಆರಿಸಿ. ಈಗ ನಿಮ್ಮ ಕೈಲೇ ಇದೆಯಲ್ಲ" ಎಂದಳು.

"ಸ್ಟೋರಮ್ಮ, ಇದು ಸರೀನಾ?" ಯಜಮಾನರು ಬಿಡಲಿಲ್ಲ.

"ಅವರಿಗೆ ಗೊತ್ತು."

ಹಾಗೆಂದಾಗ ಅವಳ ನಾಲಗೆಯ ಬುಡದಲ್ಲಿ ಏನೋ ಸಿಹಿಯಾದದ್ದು ಒಸರಿದಂತಾಯಿತು. ತಪ್ಪು ಬ್ಲೇಡುಗಳು, ತಪ್ಪು ಕಟರು ಕಾಗದದಲ್ಲಿ ಸುತ್ತಿಸಿಕೊಂಡು ಅವಳ ಚೀಲಕ್ಕೆ ಇಳಿದವು. ನಾಳೆ ನಾಡಿದ್ದರಲ್ಲಿ ಇವನ ಬಂಡವಾಳ ಬಯಲಾಗುತ್ತದೆ. ನಾಲ್ಕು ಜನರೆದುರು ಇವನ ಕಿವಿಯೂ ಬಿಸಿಯಾಗುತ್ತದೆ. ಆಗ ತಾನು ಕಟಕಟೆಯ ಹಿಂದೆ ನಿಂತು ಎಣ್ಣೆಬಟ್ಟೆಯಿಂದ ಏನನ್ನಾದರೂ ಒರೆಸುತ್ತ ಇರುವುದು. ಅವಳು ಆ ದೃಶ್ಯವನ್ನು ನೋಡಿಕೊಳ್ಳುತ್ತಿರುವಾಗಲೇ ಯಜಮಾನರು, "ಸೀಟಿಗೆ ನಿನ್ನೆ ಕಟ್ಟು ಬಿಚ್ಚಿದ್ರಂತೆ. ಅವರಮ್ಮ ನಿಮ್ಮನ್ನ ಕೇಳ್ತಿದ್ರು, ಸ್ಟೋರಮ್ಮ. ಮನೆ ಹಿಂದಿನ ಬೀದೀಲೇ ಅಲ್ವಾ" ಎಂದರು. ಗಂಡ ಚಟ್ಟನೆ, "ಇನ್ನೊಂದಿನ ಹೋದ್ರಾಯ್ತು. ಆಯಮ್ಮ ಇನ್ನೂ ಕೋಪದಲ್ಲಿದಾರೆ, ನಾನು ಹೇಳಿಲ್ವಾ ನಿಂಗೆ" ಎಂದ. ಹೇಳಿದ್ದ, ಎರಡು ಮೂರು ಸಲ ಹೇಳಿದ್ದ. ಅದಕ್ಕೇ ಅವಳು ಇದುವರೆಗೆ ಆ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಆದರೆ ಕೋಪದಲ್ಲಿದ್ದವರು ಕೇಳಿಕಳಿಸಿದರೆ ಹೋಗಿ ಬೈಸಿಕೊಳ್ಳುವುದೇ ಸರಿ ಎನಿಸಿತು. ಬೈಸಿಕೊಂಡರೆ ಹಗುರವೂ ಆದೀತು. ಅವಳು ರಸ್ತೆ ದಾಟಿದಳು. ಅವನು ಮೂಲೆಯಲ್ಲಿ ಕಿತ್ತಲೆ ಕೊಳ್ಳುವ ನೆಪದಲ್ಲಿ ಹಿಂದುಳಿದು, ಆಮೇಲೆ ಓಡಿಬಂದು ಮೆಟ್ಟಿಲಲ್ಲಿ ಜೊತೆಯಾದ.

ಮೂರನೇ ಮಹಡಿಯ ಒಂದೇ ಕೋಣೆ. ಕಿಟಕಿಯ ಪಕ್ಕ ಮಂಚದಲ್ಲಿ ಸೀಟಿ ಗೋಡೆಗೆ ಒರಗಿ ಕೂತಿದ್ದ. ಎಡಗಣ್ಣಿನ ಮೇಲೆ ಹತ್ತಿಯ ಬಿಲ್ಲೆ, ಕೆನ್ನೆಯಲ್ಲಿ ಹೊಸ ಚರ್ಮದ ನಸುಗೆಂಪು. ಬಾಗಿಲು ತೆಗೆದ ಅವನ ತಾಯಿ ಅವಳನ್ನು ನೋಡಿದ್ದೇ ಎರಡೂ ಕೈ ಹಿಡಿದು ಒಳಗೆ ಕರೆತಂದು, ಕೋಣೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕೂರಿಸಿದರು. ಬೈಗುಳಕ್ಕೆ ಮೈ ಬಿಗಿ ಮಾಡಿಕೊಂಡು ಬಂದಿದ್ದವಳಿಗೆ ಆ ಕೈಗಳ ಬಿಸುಪು ದಿಕ್ಕು ತಪ್ಪಿಸಿತು.

"ನೀನು ಬರ್ಲಿ ಅಂತಾನೇ ಕಾಯ್ತಿದ್ದೆ ಕಣಮ್ಮ. ನಿನ್ನ ಮೇಲೆ ನಂಗೆ ಕೋಪ ಇಲ್ಲ. ದಿನಾ ನೂರು ಜನಕ್ಕೆ ನೂರು ಸಾಮಾನು ಕೊಡೋ ಕೈ, ಒಂದು ಸಲ ತಪ್ಪುತ್ತೆ. ನನ್ನ ಕೈ ತಪ್ಪಿಲ್ವಾ? ಅದಕ್ಕೇ ನಿನ್ನ ಗಂಡಂಗೂ ಹೇಳ್ದೆ, ಅವಳನ್ನ ಬೈಬೇಡಪ್ಪ ಅಂತ."

"ಯಾವಾಗ ಹೇಳಿದ್ರಿ?"

"ಅವತ್ತೇ, ಆಸ್ಪತ್ರೇಲಿ. ಪಾಪ, ಅತ್ತುಬಿಟ್ಟ. ನನ್ನ ಹೆಂಡ್ತಿ ತಪ್ಪು ಬ್ಲೇಡ್ ಕೊಟ್ಬಿಟ್ಳು, ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ ಅಂತ ನನ್ನ ಕೈ ಹಿಡ್ಕೊಂಡ."

"ಅವತ್ತೇನಾ?"

"ಅವತ್ತೇ ಕಣಮ್ಮ. ನನ್ನ ಮಗನ ಬಟ್ಟೆ ಇನ್ನೂ ಒದ್ದೆ ಇತ್ತು."

ಅವಳು ದಿನ ಎಣಿಸಿದಳು; ಶುಕ್ರವಾರದಿಂದ ಬುಧವಾರದವರೆಗೆ. ಟವೆಲಿನೊಳಗಿಂದ ಹೇಳೋಣ ಎಂದಾಗ ಇವನು ಹೇಳಿ ಐದು ದಿನವಾಗಿತ್ತು. ಆ ಐದು ದಿನ ಪಕ್ಕದಲ್ಲೇ ಮಲಗಿದ್ದ, ಇವಳು ಅಳುವಾಗ ಬೆನ್ನು ಸವರಿದ್ದ, "ಯಾರ ತಪ್ಪೂ ಅಲ್ಲ, ಬಿಡು" ಎಂದಿದ್ದ. ಯಾರೂ ಕೇಳುವ ಮೊದಲೇ, ಮೇಜು ಮ್ಯಾನೇಜರು ಯಾವುದೂ ಎದುರಿಗಿಲ್ಲದಾಗಲೇ, ಆಸ್ಪತ್ರೆಯ ಬೆಂಚಿನ ಮೇಲೆ, ಕಣ್ಣೀರಿನ ಜೊತೆ, ಇವಳನ್ನು ಕೊಟ್ಟುಬಿಟ್ಟಿದ್ದ. ಬಾಯಿ ತಪ್ಪಿ ಬಂದ ಮಾತಿಗೆಂದು ಅವಳು ಇಷ್ಟು ದಿನ ಹೊಲಿದುಕೊಂಡು ಬಂದಿದ್ದ ಸಮಜಾಯಿಷಿಗಳೆಲ್ಲ ಯಾರದೋ ಬೇರೆ ಗಂಡನಿಗೆ ಅಳತೆ ತೆಗೆದ ಅಂಗಿಗಳಂತೆ ಕಂಡವು. ಅವಳು ಗಂಡನ ಕಡೆ ನೋಡಿದಳು. ಅವನು ಕಿತ್ತಲೆಗಳನ್ನು ಒಂದೊಂದಾಗಿ ಚೀಲದಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲೆ, ಉರುಳದ ಹಾಗೆ ಒಂದಕ್ಕೊಂದು ತಾಗಿಸಿ ಇಡುತ್ತಿದ್ದ. ಸೀಟಿಯ ಕಡೆ ನೋಡಿದಳು. ಉಳಿದ ಒಂದು ಕಣ್ಣು ಅವಳನ್ನು ಒಂದು ಕ್ಷಣ ನೋಡಿ ಹೊದಿಕೆಯ ಅಂಚಿಗೆ ಇಳಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಇವನು. ಅಂದರೆ ಇವನಿಗೂ ಗೊತ್ತು. ತನ್ನ ಮೇಲೆ ಬಂದ ತಪ್ಪು ಇವರೆಲ್ಲರಿಗೂ ಎಷ್ಟು ಅನುಕೂಲವಾಗಿ ಒದಗಿದೆ. ಯಾರಿಗೂ ತೊಂದರೆಯಿಲ್ಲದ ಜಾಗದಲ್ಲಿ ಹೋಗಿ ಕೂತಿದೆ. ತಾಯಿ ಅವಳ ತಲೆ ಸವರಿ, "ಅಳ್ಬೇಡ, ನಾನು ಯಾವತ್ತೋ ಕ್ಷಮಿಸಿದೀನಿ" ಎಂದರು. ಮಾಡದ ತಪ್ಪಿಗೆ ಬೈಸಿಕೊಳ್ಳುವುದಕ್ಕಿಂತ ಕ್ಷಮೆ ಪಡೆಯುವುದು ದೊಡ್ಡ ಅವಮಾನ ಎಂದು ಅವಳಿಗೆ ತಿಳಿದಿರಲಿಲ್ಲ.

ಎದ್ದುಬಿಡಬೇಕು ಎಂದುಕೊಂಡಾಗ ತೊಡೆಯ ಮೇಲಿದ್ದ ಚೀಲ ಭಾರವಾಯಿತು. ಕಾಗದದ ಮೇಲಿಂದಲೇ ಬ್ಲೇಡಿನ ಕಟ್ಟು ಅವಳ ಮಂಡಿಗೆ ಒತ್ತಿತು. ಇಪ್ಪತ್ತನಾಲ್ಕು. ಓಲಾಡುವ ಚಕ್ರ. ನಾಳೆ ಇದನ್ನು ಯಾರೋ ಎತ್ತಿಕೊಳ್ಳುತ್ತಾರೆ, ಯಾರೋ ಕತ್ತರಿಸುತ್ತಾರೆ, ಮತ್ಯಾರೋ ಮೀಟರಿನ ಮುಳ್ಳು ಓದಲು ಬಗ್ಗುತ್ತಾರೆ. ಬಗ್ಗುವವನು ಗಂಡನೇ ಆಗಿರಬೇಕೆಂದೇನೂ ಇಲ್ಲ. ಅರ್ಧ ಗಂಟೆಯ ಹಿಂದೆ ಅಂಗಡಿಯಲ್ಲಿ ನಾಲಗೆಯ ಬುಡದಲ್ಲಿ ಒಸರಿದ ಸಿಹಿ ಈಗ ಅಲ್ಲೇ ಹುಳಿಯಾಗಿ ನಿಂತಿತ್ತು. ಅವತ್ತು ನೋಡಿಯೂ ಸುಮ್ಮನಿದ್ದದ್ದು ನಾಚಿಕೆಗೆ. ಇವತ್ತು ನೋಡಿಯೂ ಸುಮ್ಮನಿದ್ದದ್ದು? ಅವಳು ಚೀಲವನ್ನು ನೆಲಕ್ಕಿಟ್ಟು, ತಾಯಿಯ ಕೈಯನ್ನು ತಲೆಯ ಮೇಲಿಂದ ತೆಗೆದು ಹಿಡಿದುಕೊಂಡಳು.

"ಅಮ್ಮ, ಆ ಬ್ಲೇಡ್ ನಾನು ಕೊಟ್ಟಿದ್ದಲ್ಲ. ನಾನು ಕೊಟ್ಟಿದ್ದು ಕಟರು. ಅದನ್ನ ಪಕ್ಕಕ್ಕೆ ತಳ್ಳಿ ಇವರೇ ಬಗ್ಗಿ ಎತ್ಕೊಂಡ್ರು. ಅದು ತೆಳು ಕೊಳವೆಗೆ ಆಗಲ್ಲ ಅಂತ ನಂಗೆ ಗೊತ್ತಿತ್ತು. ಜನ ನಕ್ರು ಅಂತ ನಾನು ಬಾಯಿ ಮುಚ್ಕೊಂಡೆ. ಅಷ್ಟು ನಂದು. ಉಳಿದಿದ್ದು ನಂದಲ್ಲ."

"ಏನೇ ಇದು," ಎಂದ ಗಂಡ. ಒಂದು ಕಿತ್ತಲೆ ಉರುಳಿ ನೆಲಕ್ಕೆ ಬಿತ್ತು. "ತಲೆ ಕೆಟ್ಟಿದೆ ಇವಳಿಗೆ, ಮೂರು ವಾರದಿಂದ ಸರಿ ನಿದ್ದೆ ಇಲ್ಲ. ಬಾ, ಹೋಗೋಣ."

ತಾಯಿ ಅವನನ್ನು ನೋಡಲಿಲ್ಲ. ಮಗನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಸೀಟಿ ಹೊದಿಕೆಯ ಒಂದು ನೂಲು ಎಳೆಯುತ್ತ, "ಹೌದಮ್ಮ. ನಾನು ಪಕ್ಕದಲ್ಲೇ ಇದ್ದೆ. ನಾನೂ ನಕ್ಕೆ" ಎಂದ. ಅವಳ ಗಂಡನ ಕಡೆ ಕಣ್ಣು ತೋರಿಸಿ, "ಇನ್ನು ವೆಲ್ಡಿಂಗ್ ಆಗಲ್ಲ ನನ್ನ ಕೈಲಿ. ಈ ಅಣ್ಣ ತನ್ನ ಜೊತೆ ಹಗುರ ಕೆಲಸಕ್ಕೆ ಹಾಕಿಸ್ತೀನಿ ಅಂದಿದ್ರು, ಅದಕ್ಕೇ ಸುಮ್ನಿದ್ದೆ" ಎಂದ.

"ಹಾಗಾದ್ರೆ ನಾನು ಇಷ್ಟು ದಿನ ಕ್ಷಮಿಸಿದ್ದು ಯಾರನ್ನ?" ಎಂದರು ತಾಯಿ. ಯಾರನ್ನೂ ಕೇಳಿದ ಹಾಗಿರಲಿಲ್ಲ.

ಮೆಟ್ಟಿಲಿನಲ್ಲಿ ಅವನು ಅವಳ ಹಿಂದೆಯೇ ಬಂದ. ಎರಡನೇ ಮಹಡಿಯ ತಿರುವಿನಲ್ಲಿ ತೋಳು ಹಿಡಿದು, "ನಾನೇನು ಬೇಕಂತ ಮಾಡಿದ್ನಾ? ಆ ರಕ್ತ ನೋಡಿ ಕೈಕಾಲು ಬಿದ್ದುಹೋಯ್ತು ನಂಗೆ. ನಿಂಗಾದ್ರೆ ಹೆಚ್ಚಂದ್ರೆ ಒಂದು ಪತ್ರ, ನಂಗಾದ್ರೆ ಕೆಲಸಾನೇ ಹೋಗೋದು. ಮನೆಗೋಸ್ಕರ ಅಲ್ವಾ?" ಎಂದ. ಮನೆಗೋಸ್ಕರ. ಅವಳನ್ನು ಕೇಳಿದ್ದರೆ ಮನೆಗೋಸ್ಕರ ಅವಳೇ ಹೊತ್ತುಕೊಂಡುಬಿಡುತ್ತಿದ್ದಳು, ಅದು ಇಬ್ಬರಿಗೂ ಗೊತ್ತಿತ್ತು. ಕೇಳುವಷ್ಟು ಕೂಡ ಅವನು ಅವಳನ್ನು ಎದುರಿಗೆ ಕೂರಿಸಿಕೊಂಡಿರಲಿಲ್ಲ. "ನಾಳೆ ಮ್ಯಾನೇಜರ ಹತ್ರ ಹೋಗ್ತೀನಿ" ಎಂದಳು. ಅವನ ಕೈ ಸಡಿಲವಾಯಿತು. ಮುಖದಲ್ಲಿ ಅವಳು ಎಂದೂ ನೋಡಿರದ ಒಂದು ಸಮಾಧಾನ ಬಂತು, ಲೆಕ್ಕ ಸರಿಹೋದವನ ಸಮಾಧಾನ. "ಹೋಗು. ಯಾರು ನಂಬ್ತಾರೆ? ನೀನೇ ಒಪ್ಕೊಂಡಿದೀಯಲ್ಲ" ಎಂದ.

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮೆಟ್ಟಿಲಿಳಿದು ಮತ್ತೆ ಅಂಗಡಿಗೆ ಹೋದಳು. ಅವಳು ವಾಪಸು ಕೊಟ್ಟ ಸಾಮಾನು ಒಳಗಿಟ್ಟು ಯಜಮಾನರು ಬೇರೆ ಬ್ಲೇಡುಗಳ ಕಟ್ಟು ಬಿಚ್ಚಿದರು. ಅವಳು ಹೆಬ್ಬೆರಳು ಒತ್ತಿ ಒತ್ತಿ ಹದಿನೆಂಟು ಬೇರೆ, ಮೂವತ್ತೆರಡು ಬೇರೆ ತೆಗೆಸಿದಳು. ಬೂದುಬಣ್ಣದ ಕಟರನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ನೋಡಿದಳು. ತಾಮ್ರಕ್ಕೊಂದು, ಗಟ್ಟಿ ಉಕ್ಕಿಗೊಂದು ಎಂದು ಚಕ್ರಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿಸಿದಳು. ಕತ್ತರಿಸಿದ ಮೇಲೆ ಒಳಗಂಚಿನ ಮುಳ್ಳು ಕೆರೆಯುವ ರೀಮರು ಚೀಟಿಯಲ್ಲಿರಲಿಲ್ಲ. ಅದನ್ನೂ ತೆಗೆದುಕೊಂಡಳು. ಕೈ ತನ್ನ ಕೆಲಸ ತಾನು ಮಾಡಿತು. ಅದರಲ್ಲಿ ಸುಖವೇನೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಮ್ಯಾನೇಜರು ಅವಳ ಮಾತು ಪೂರ್ತಿ ಕೇಳುವ ಮೊದಲೇ, "ಗಂಡ ಹೆಂಡ್ತಿ ಜಗಳ ಇಲ್ಲಿಗೆ ತರಬೇಡಿ ಅಮ್ಮ. ಅವತ್ತು ಯಾಕೆ ಹೇಳ್ಲಿಲ್ಲ?" ಎಂದರು. ಅವಳು ಅದೇ ಮೇಜಿನೆದುರು, ಅದೇ ಜಾಗದಲ್ಲಿ ನಿಂತಿದ್ದಾಗ ಬಾಗಿಲು ತೆರೆಯಿತು. ಸೀಟಿಯ ತಾಯಿ ಮಗನ ಮುಂಗೈ ಹಿಡಿದು, ಸ್ಕೂಲಿಗೆ ಎಳೆದುಕೊಂಡು ಬಂದವರಂತೆ, ಒಳಗೆ ತಂದು ನಿಲ್ಲಿಸಿ, "ಹೇಳು" ಎಂದರು. ಅವನು ಹೇಳಿದ. ಕಟರು ಎಲ್ಲಿತ್ತು, ಬ್ಲೇಡು ಯಾರು ಎತ್ತಿದರು, ಯಾರು ಏನಂದರು, ತಾನು ಹೇಗೆ ನಕ್ಕೆ, ಎಲ್ಲ. ಮ್ಯಾನೇಜರು ಬರೆದುಕೊಂಡರು. ಗಂಡನನ್ನು ಕರೆಸಿದರು. ಅವನು ಮೊದಲು ಅಲ್ಲವೆಂದ, ಆಮೇಲೆ ನೆನಪಿಲ್ಲವೆಂದ, ಕೊನೆಗೆ ನೆಲ ನೋಡಿದ. ಕೆಲಸ ಹೋಗಲಿಲ್ಲ; ಫಿಟ್ಟಿಂಗಿನಿಂದ ತೆಗೆದು ಸಾಮಾನು ಇಳಿಸುವ ಶೆಡ್ಡಿಗೆ ಹಾಕಿದರು. ಅವಳ ಪತ್ರವನ್ನು ವಾಪಸು ತೆಗೆದುಕೊಳ್ಳಲಿಲ್ಲ. "ನೋಡಿಯೂ ಹೇಳಲಿಲ್ಲ" ಎಂದು ಅದರಲ್ಲೇ ಒಂದು ಸಾಲು ತಿದ್ದಿದರು. ಅವಳು ಓದಿ ಸಹಿ ಹಾಕಿದಳು.

ಹೊರಗೆ ಪಡಸಾಲೆಯಲ್ಲಿ ತಾಯಿ ಬೆಂಚಿನ ಮೇಲೆ ಕೂತಿದ್ದರು. ಮಗ ಸ್ವಲ್ಪ ದೂರದಲ್ಲಿ ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದ. ಲೋಟ ನಲ್ಲಿಯ ನೇರಕ್ಕೆ ಸಿಗದೆ ಎರಡು ಸಲ ಕೈ ಆಚೀಚೆ ಮಾಡಿದ. ಅವಳು ತಾಯಿಯ ಎದುರು ಬಂದು ನಿಂತಳು. ಥ್ಯಾಂಕ್ಸ್ ಎನ್ನುವ ಜಾಗ ಅದಾಗಿರಲಿಲ್ಲ. ತಾಯಿಯೇ ಮಾತಾಡಿದರು, ಕೈ ಹಿಡಿಯದೆ, ಮಡಿಲಲ್ಲೇ ಬೆರಳು ಹೆಣೆದುಕೊಂಡು.

"ಕೈ ತಪ್ಪಿತ್ತು ಅಂದುಕೊಂಡಾಗ ನಿನ್ನ ಕ್ಷಮಿಸೋದು ಸುಲಭ ಇತ್ತು ಕಣಮ್ಮ. ಗೊತ್ತಿದ್ದೂ ಸುಮ್ನಿದ್ದೆ ಅಂತೀಯ. ಇದನ್ನ ಏನು ಮಾಡ್ಲಿ, ನಂಗೆ ಗೊತ್ತಾಗ್ತಿಲ್ಲ."

ಅವಳು "ಹೂಂ" ಎಂದಳು. ಅವರು ಏಳುವವರೆಗೂ ಕಾದು, ಆಮೇಲೆ ಸ್ಟೋರಿನ ಬೀಗ ತೆಗೆಯಲು ಹೋದಳು.